ಅಳತೆ ಹೇಳದ ಪಾಠ

ಕರ್ನಾಟಕದಲ್ಲಿ ಮದ್ಯ ಕೊಳ್ಳಲು ಎಷ್ಟು ವಯಸ್ಸಾಗಿರಬೇಕು ಎಂಬ ಸರಳ ಪ್ರಶ್ನೆಗೆ ನಮ್ಮ ಕಾನೂನೇ ಎರಡು ಉತ್ತರ ಕೊಡುತ್ತದೆ. 1965ರ ಅಬಕಾರಿ ಕಾಯ್ದೆಯ ಪ್ರಕಾರ 18 ತುಂಬದವರಿಗೆ ಮಾರಿದರೆ ಅಪರಾಧ. ಅದೇ ಕಾಯ್ದೆಯಡಿ 1967ರಲ್ಲಿ ಬಂದ ಸನ್ನದು ನಿಯಮಗಳಲ್ಲಿ 21 ಎಂದಿದೆ. 2023ರ ಜನವರಿಯಲ್ಲಿ ಸರ್ಕಾರ ಈ 21ನ್ನು 18ಕ್ಕೆ ಇಳಿಸುವ ಕರಡು ಹೊರಡಿಸಿತು. ಆಕ್ಷೇಪಗಳು ಬರುತ್ತಿದ್ದಂತೆ ಅದೇ ತಿಂಗಳು ಹಿಂದಕ್ಕೆ ಪಡೆಯಿತು. ಆ ಕೆಲವು ದಿನ ಎಲ್ಲರೂ ವಯಸ್ಸಿನ ಬಗ್ಗೆ ಮಾತಾಡಿದರು. ಹದಿನಾಲ್ಕು, ಹದಿನೈದರ ಹುಡುಗ ಹುಡುಗಿಯರು ಆ ವಯಸ್ಸನ್ನು ಮುಟ್ಟುವ ಹೊತ್ತಿಗೆ ಮದ್ಯದ ಬಗ್ಗೆ ಏನು ತಿಳಿದಿರಬೇಕು, ಅದನ್ನು ಹೇಳಿಕೊಡುವವರು ಯಾರು ಎಂಬ ಮಾತು ಮಾತ್ರ ಎಲ್ಲೂ ಮುಂದೆ ಬರಲಿಲ್ಲ. ಅಂಗಡಿಯವನು ಯಾರಿಗೆ ಮಾರಬಾರದು ಎಂದು ಹೇಳಿದರೆ ಸಾಕು, ಉಳಿದದ್ದು ತಾನೇ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮದು. ಬೆಂಗಳೂರಿನ ಹೊರವಲಯದಲ್ಲಿ ಈ ನಂಬಿಕೆಗೆ ಆಧಾರ ತೀರಾ ಕಡಿಮೆ.

ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವಾದರೂ ಇವು ಮೂರು ಬೇರೆ ಲೋಕಗಳು. ಪೀಣ್ಯ ಸಣ್ಣ ಕೈಗಾರಿಕೆಗಳ, ಗಾರ್ಮೆಂಟ್ಸ್ ಕಾರ್ಖಾನೆಗಳ ಊರು. ಅಲ್ಲಿನ ಶೀಟಿನ ಮನೆಗಳಲ್ಲಿ, ವಠಾರಗಳಲ್ಲಿ ರಾಯಚೂರು, ಯಾದಗಿರಿಯಿಂದ ಬಂದವರೂ ಇದ್ದಾರೆ, ಬಿಹಾರ, ಒಡಿಶಾದಿಂದ ಬಂದವರೂ ಇದ್ದಾರೆ. ಅಪ್ಪ ರಾತ್ರಿ ಪಾಳಿ, ಅಮ್ಮ ಬೆಳಗಿನ ಪಾಳಿ. ಎಲೆಕ್ಟ್ರಾನಿಕ್ ಸಿಟಿಯನ್ನು 1978ರಲ್ಲಿ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ ಕಟ್ಟತೊಡಗಿದಾಗ ಸುತ್ತಲೂ ಆನೇಕಲ್ ತಾಲ್ಲೂಕಿನ ಹೊಲಗಳಿದ್ದವು. ಈಗ ಹೊಸೂರು ರಸ್ತೆಯ ಎರಡೂ ಬದಿಗೆ ಪಿಜಿಗಳು, ಕಾಲೇಜುಗಳು, ಬಾರ್‌ಗಳು. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಹುಟ್ಟಿ, 1990ರ ದಶಕದ ಕೊನೆಗೆ ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಬಂದ ಮೇಲೆ ಅಪಾರ್ಟ್‌ಮೆಂಟುಗಳ, ಮಾಲ್‌ಗಳ, ಸ್ಥಳದಲ್ಲೇ ಬಿಯರ್ ಇಳಿಸುವ ಮೈಕ್ರೋಬ್ರೂವರಿಗಳ ಪಟ್ಟಣವಾಯಿತು. ಅಲ್ಲಿನ ಇಂಟರ್‌ನ್ಯಾಷನಲ್ ಶಾಲೆಯ ಹುಡುಗಿಗೆ ಮದ್ಯ ಎಂದರೆ ವಾರಾಂತ್ಯದ ಪಾರ್ಟಿಯ ಗ್ಲಾಸು. ಪೀಣ್ಯದ ಸರ್ಕಾರಿ ಪ್ರೌಢಶಾಲೆಯ ಹುಡುಗನಿಗೆ 90 ಎಂಎಲ್‌ನ ಟೆಟ್ರಾ ಪ್ಯಾಕೆಟ್. ಇಬ್ಬರಿಗೂ ಶಾಲೆಯಲ್ಲಿ ಸಿಗುವ ಪಾಠ ಒಂದೇ: ಕುಡಿತ ಕೆಟ್ಟದ್ದು, ಅದರ ಹತ್ತಿರ ಸುಳಿಯಬೇಡಿ.

ಈ ಪಾಠಕ್ಕೆ ನಮ್ಮಲ್ಲಿ ಒಂದು ಖಾಯಂ ರೂಪವಿದೆ. ‘ಮದ್ಯಪಾನದ ದುಷ್ಪರಿಣಾಮಗಳು’ ಎಂಬುದು ಪ್ರಬಂಧ ಸ್ಪರ್ಧೆಗಳ ಹಳೆಯ ವಿಷಯ. ಪೀಠಿಕೆ, ವಿವರಣೆ, ಉಪಸಂಹಾರ. ಮಹಾತ್ಮ ಗಾಂಧಿಯವರ ಹೆಸರು ಬಂದರೆ ಹೆಚ್ಚು ಅಂಕ. ವರ್ಷಕ್ಕೊಮ್ಮೆ ಪ್ರತಿಜ್ಞೆ, ಒಂದು ಜಾಥಾ, ಪೊಲೀಸ್ ಅಧಿಕಾರಿಯ ಅಥವಾ ವೈದ್ಯರ ಭಾಷಣ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆಯೊಡ್ಡಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1 ಇಂದು ರಾಜ್ಯದ ವ್ಯಸನಮುಕ್ತ ದಿನ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳೂ ದಶಕಗಳಿಂದ ನಡೆಯುತ್ತಿವೆ. ಇವುಗಳ ಬೆಲೆಯನ್ನು ಕಡಿಮೆ ಮಾಡುವಂತಿಲ್ಲ. ಆದರೆ ಅವು ಈಗಾಗಲೇ ಕುಡಿತಕ್ಕೆ ಬಿದ್ದು ಹೊರಬರಲು ಹೆಣಗುವ ದೊಡ್ಡವರಿಗಾಗಿ ಹುಟ್ಟಿದ ಕ್ರಮಗಳು. ಜೋಳಿಗೆಗೆ ಹಾಕಲು ಕೈಯಲ್ಲೊಂದು ಚಟವಿರಬೇಕು. ಒಂಬತ್ತನೇ ತರಗತಿಯ ಮಗುವಿನ ಬಳಿ ಅದಿಲ್ಲ, ಇರುವುದು ಪ್ರಶ್ನೆಗಳು. ಉಪದೇಶದ ಮೇಲಿನ ನಮ್ಮ ವಿಶ್ವಾಸ ಎಷ್ಟೆಂಬುದನ್ನು 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ನಡೆದ ಪ್ರಕರಣ ತೋರಿಸಿತು. ಪಾರ್ಟಿ ಮುಗಿಸಿ 17ರ ಹುಡುಗ ಓಡಿಸುತ್ತಿದ್ದನೆಂದು ಹೇಳಲಾದ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. ಬಾಲನ್ಯಾಯ ಮಂಡಳಿ ಕೆಲವೇ ಗಂಟೆಗಳಲ್ಲಿ ಜಾಮೀನು ಕೊಟ್ಟಿತು. ಅದರ ಷರತ್ತುಗಳಲ್ಲೊಂದು 300 ಪದಗಳ ಪ್ರಬಂಧ. ದೇಶವೆಲ್ಲ ನಕ್ಕಿತು, ಸಿಟ್ಟಾಯಿತು. ಆದರೆ ನಮ್ಮ ಶಾಲೆಗಳೂ ಮಕ್ಕಳಿಂದ ಬರೆಸುತ್ತಿರುವುದು ಪ್ರಬಂಧವನ್ನೇ ಅಲ್ಲವೇ?

ಹೆದರಿಸುವ ಪಾಠ ಫಲ ಕೊಡುವುದಿಲ್ಲ ಎಂಬುದು ಹೊಸ ಸಂಗತಿಯೇನಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1983ರಲ್ಲಿ ಡೇರ್ ಎಂಬ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರದ ಪೊಲೀಸರೇ ತರಗತಿಗೆ ಬಂದು ಬೇಡ ಎನ್ನಲು ಕಲಿಸುತ್ತಿದ್ದರು. ಅದು ದೇಶದ ಬಹುಪಾಲು ಶಾಲೆಗಳಿಗೆ ಹಬ್ಬಿತು, ತಂದೆತಾಯಿಗಳು ಮೆಚ್ಚಿದರು. 1990ರ ದಶಕದಲ್ಲಿ ಸಂಶೋಧಕರು ಪಾಠ ಕೇಳಿದವರನ್ನೂ ಕೇಳದವರನ್ನೂ ಹೋಲಿಸಿ ನೋಡಿದಾಗ ಇಬ್ಬರ ನಡವಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಕೊನೆಗೆ ಸಂಸ್ಥೆ ತನ್ನ ಪಠ್ಯವನ್ನೇ ಬದಲಿಸಬೇಕಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಒಂದು ಗುಟುಕು ಕುಡಿದರೆ ಬಾಳು ಹಾಳು ಎಂದು ಕೇಳಿಬಂದ ಹುಡುಗ ಸಂಜೆ ಮನೆಗೆ ಹೋದರೆ, ಮಾವನೋ ಪಕ್ಕದ ಮನೆಯ ಅಣ್ಣನೋ ಕುಡಿದು ಆರಾಮವಾಗಿ ಊಟ ಮಾಡಿ ಮಲಗುವುದನ್ನು ಕಾಣುತ್ತಾನೆ. ಒಂದು ಮಾತು ಸುಳ್ಳೆಂದು ಅನಿಸಿದ ಮೇಲೆ ಟೀಚರ್ ಹೇಳಿದ ಉಳಿದ ಹತ್ತು ನಿಜಗಳೂ ಅವನ ಪಾಲಿಗೆ ಸುಳ್ಳಾಗುತ್ತವೆ.

ನಿಜವಾಗಿ ಹೇಳಿಕೊಡಬೇಕಾದದ್ದು ಅಳತೆ. ಹೊಸ ವಿಷಯವನ್ನೇನೂ ಸೇರಿಸಬೇಕಿಲ್ಲ. ವಿಜ್ಞಾನ ಮತ್ತು ಗಣಿತದ ಎರಡು ಪೀರಿಯಡ್ಡು ಸಾಕು. ನಮ್ಮ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಆಲ್ಕೋಹಾಲ್ ಶೇ 42.8. 30 ಎಂಎಲ್‌ನ ಒಂದು ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಇರುತ್ತದೆ. ಟೆಟ್ರಾ ಪ್ಯಾಕೆಟ್ಟಿನ 90 ಎಂದರೆ 30 ಗ್ರಾಂ, ಕ್ವಾರ್ಟರ್ ಎಂದರೆ 60. ಇನ್ನು ಬಿಯರ್. ‘ಬಿಯರ್ ಎಣ್ಣೆಯಲ್ಲ, ಬರೀ ತಂಪಿಗೆ’ ಎಂಬುದು ಹದಿಹರೆಯದವರಲ್ಲಿ ಓಡಾಡುವ ಅತ್ಯಂತ ಅಪಾಯಕಾರಿ ಮಾತು. ಶೇ 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ 40 ಗ್ರಾಂ ಆಲ್ಕೋಹಾಲ್ ಇದೆ, ಅಂದರೆ ನಾಲ್ಕು ಪೆಗ್ಗಿನಷ್ಟು. ಮೋಟಾರು ವಾಹನ ಕಾಯ್ದೆಯಲ್ಲಿ ಚಾಲಕನ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಮಿತಿ. 60 ಕೆಜಿ ತೂಕದ ಹುಡುಗ ಆ ಒಂದು ಬಾಟಲಿಯನ್ನು ಬೇಗ ಮುಗಿಸಿದರೆ ಮಿತಿಯ ಎರಡು ಮೂರು ಪಟ್ಟು ಮುಟ್ಟುತ್ತಾನೆ. ಯಕೃತ್ತು ಗಂಟೆಗೆ ಸುಮಾರು ಒಂದು ಪೆಗ್ಗಿನಷ್ಟನ್ನು ಮಾತ್ರ ಕರಗಿಸುತ್ತದೆ. ನಿಂಬೆರಸ, ಸ್ಟ್ರಾಂಗ್ ಕಾಫಿ, ತಣ್ಣೀರ ಸ್ನಾನ ಯಾವುದೂ ಅದನ್ನು ಅವಸರಿಸಲಾರದು. ಇಷ್ಟು ಲೆಕ್ಕ ಬಲ್ಲ ಹುಡುಗಿ ಹೊಸೂರು ರಸ್ತೆಯಲ್ಲಿ ‘ಒಂದೇ ಬಿಯರ್ ಕುಡಿದಿದ್ದೀನಿ, ಬಾ’ ಎಂದು ಕರೆಯುವ ಸ್ನೇಹಿತನ ಬೈಕು ಹತ್ತುವ ಮುಂಚೆ ಒಮ್ಮೆ ಯೋಚಿಸುತ್ತಾಳೆ. ಹತ್ತು ವರ್ಷ ಆದಮೇಲೆ ಯಕೃತ್ತು ಕೆಡುತ್ತದೆ ಎಂಬ ಎಚ್ಚರಿಕೆ ಹದಿನಾರರ ಕಿವಿಗೆ ಬೀಳುವುದಿಲ್ಲ. ಈ ರಾತ್ರಿಯ ಲೆಕ್ಕ ಬೀಳುತ್ತದೆ.

ಅಳತೆಯೆಂದರೆ ಗ್ರಾಂ ಮಾತ್ರವಲ್ಲ, ವಯಸ್ಸೂ ಹೌದು. ವಿವೇಚನೆ, ಸಂಯಮಗಳನ್ನು ನಿಭಾಯಿಸುವ ಮಿದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೆ ಬೆಳೆಯುತ್ತಲೇ ಇರುತ್ತದೆ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ 15ಕ್ಕೆ ಮುಂಚೆ ಕುಡಿಯಲು ತೊಡಗಿದವರಲ್ಲಿ ಸುಮಾರು ಶೇ 40ರಷ್ಟು ಮಂದಿ ಜೀವನದಲ್ಲಿ ಒಂದಲ್ಲ ಒಂದು ಹಂತದಲ್ಲಿ ಮದ್ಯಕ್ಕೆ ದಾಸರಾಗಿದ್ದರು. 20 ದಾಟಿದ ಮೇಲೆ ತೊಡಗಿದವರಲ್ಲಿ ಶೇ 10ರಷ್ಟು. ಬೇಗ ಕುಡಿಯುವ ಮಕ್ಕಳ ಮನೆಯ ಪರಿಸ್ಥಿತಿಯೇ ಬೇರೆ ಇರಬಹುದು, ಎಲ್ಲ ವ್ಯತ್ಯಾಸವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆಯಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ನಾಲ್ಕು ಪಟ್ಟು ಅಂತರವನ್ನು ತಳ್ಳಿಹಾಕುವಂತಿಲ್ಲ. ‘ಎಂದಿಗೂ ಮುಟ್ಟಬೇಡ’ ಎಂಬ ಪ್ರತಿಜ್ಞೆಗಿಂತ ‘ಈಗ ಬೇಡ, ಯಾಕೆಂದರೆ ಇದು’ ಎಂಬ ವಿವರಣೆಗೆ ಹೆಚ್ಚು ಬಲವಿದೆ ಎನ್ನಲು ಇದೇ ಆಧಾರ.

ಇಲ್ಲಿ ಎದುರು ಮಾತು ಬಂದೇ ಬರುತ್ತದೆ: ಪೆಗ್ಗು, ಕ್ವಾರ್ಟರ್ ಎಂದು ತರಗತಿಯಲ್ಲಿ ಲೆಕ್ಕ ಹಾಕಿಸಿದರೆ ಕುಡಿಯುವುದನ್ನೇ ಕಲಿಸಿದಂತಾಗುವುದಿಲ್ಲವೇ? 2007ರಲ್ಲಿ ಹದಿಹರೆಯದ ಶಿಕ್ಷಣದ ಪಠ್ಯಕ್ಕೆ ಹಲವು ರಾಜ್ಯಗಳು, ಕರ್ನಾಟಕವೂ ಸೇರಿ, ಬಾಗಿಲು ಹಾಕಿದಾಗ ಕೇಳಿಬಂದದ್ದೂ ಇದೇ ಬಗೆಯ ವಾದ. ಪೂರ್ತಿ ಹುರುಳಿಲ್ಲದ ಮಾತಲ್ಲ. ಬ್ರ್ಯಾಂಡುಗಳ ಬಣ್ಣದ ಚಿತ್ರ ತೋರಿಸಿ, ಕುಡುಕರನ್ನು ನಗೆಗೀಡು ಮಾಡಿ ನಡೆಸುವ ಪಾಠದಿಂದ ಕುತೂಹಲ ಕೆರಳಬಹುದು. ಒಳ್ಳೆಯ ಶಿಕ್ಷಕರು ಅದನ್ನು ಮಾಡುವುದಿಲ್ಲ. ಆದರೆ ಮಗುವಿಗೆ ಏನೂ ಗೊತ್ತಿಲ್ಲ ಎಂಬ ಊಹೆಯ ಮೇಲೆ ಈ ವಾದ ನಿಂತಿದೆ. ಮದ್ಯದ ಜಾಹೀರಾತಿಗೆ ಟಿವಿಯಲ್ಲಿ ನಿಷೇಧ ಬಂದು ಎರಡು ದಶಕ ಕಳೆದಿದೆ, ಆದರೂ ಬ್ರ್ಯಾಂಡುಗಳು ಸೋಡಾ, ಸಂಗೀತದ ಸಿಡಿಗಳ ಹೆಸರಿನಲ್ಲಿ ಮನೆಯೊಳಗೆ ಕೂತಿವೆ. 2008ರಲ್ಲಿ ಬೆಂಗಳೂರಿನ ಐಪಿಎಲ್ ತಂಡಕ್ಕೆ ಹೆಸರು ಬಂದದ್ದೇ ಒಂದು ವಿಸ್ಕಿ ಬ್ರ್ಯಾಂಡಿನಿಂದ. ಆ ತಂಡದ ಜೆರ್ಸಿ ತೊಡದ ಹುಡುಗರು ನಮ್ಮ ಬಡಾವಣೆಗಳಲ್ಲಿ ಎಷ್ಟಿದ್ದಾರು? ಹೆಸರು ಗೊತ್ತು, ಅಳತೆ ಗೊತ್ತಿಲ್ಲ ಎಂಬುದೇ ಇಂದಿನ ಸ್ಥಿತಿ.

ಮತ್ತೊಂದು ಆಕ್ಷೇಪ ಅಂಕಿಅಂಶದ್ದು. ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 10ರಿಂದ 17 ವಯಸ್ಸಿನವರಲ್ಲಿ ಮದ್ಯ ಸೇವಿಸುವವರು ಶೇ 1.3 ಮಾತ್ರ, ಇಷ್ಟು ಚಿಕ್ಕ ಸಂಖ್ಯೆಗೆ ಇಷ್ಟು ಗದ್ದಲವೇಕೆ? ಆದರೆ ಅದೇ ಸಮೀಕ್ಷೆಯಲ್ಲಿ 10ರಿಂದ 75ರವರೆಗಿನ ಗಂಡಸರನ್ನು ತೆಗೆದುಕೊಂಡರೆ ಸಂಖ್ಯೆ ಶೇ 27.3ಕ್ಕೆ ಏರುತ್ತದೆ. ಈ ಏರಿಕೆಯ ಮೊದಲ ಮೆಟ್ಟಿಲು ಇರುವುದು ಶಾಲೆ ಬಿಟ್ಟ ಮೇಲಿನ ಕೆಲವು ವರ್ಷಗಳಲ್ಲಿ: ಐಟಿಐ, ಡಿಪ್ಲೊಮಾ, ಮೊದಲ ಸಂಬಳ, ಪಿಜಿಯ ಮೊದಲ ಶನಿವಾರ. ಪಾಠ ಅಷ್ಟರೊಳಗೆ ಮುಗಿದಿರಬೇಕು. ಅಲ್ಲದೆ ತಾನು ಕುಡಿಯದಿದ್ದರೂ ಕುಡಿಯುವವರ ಜೊತೆ ಬದುಕುವ ಮಕ್ಕಳು ಆ ಶೇ 1.3ರಲ್ಲಿ ಬರುವುದಿಲ್ಲ. ಸಂಬಳದ ದಿನ ಅಪ್ಪ ಬರುವ ದಾರಿ ಕಾಯುವ ಮಗುವಿಗೂ ಈ ಪಾಠ ಬೇಕು, ಬಹುಶಃ ಎಲ್ಲರಿಗಿಂತ ಹೆಚ್ಚು ಬೇಕು.

ಹಾಗಾದರೆ ಒಳ್ಳೆಯ ಪಾಠ ನಮ್ಮಲ್ಲಿ ಇಲ್ಲವೇ? ಇದೆ, ಅದೂ ಬೆಂಗಳೂರಿನಲ್ಲೇ ಹುಟ್ಟಿದ್ದು. ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಶಿಕ್ಷಣದಲ್ಲಿ ಶಾಲೆಯ ಶಿಕ್ಷಕರೇ ಭಾಷಣ ಬಿಟ್ಟು ಚಟುವಟಿಕೆ, ಚರ್ಚೆ, ಪಾತ್ರಾಭಿನಯಗಳ ಮೂಲಕ ನಿರ್ಧಾರ ತೆಗೆದುಕೊಳ್ಳುವುದನ್ನು, ಒತ್ತಡ ಎದುರಿಸುವುದನ್ನು, ಗೆಳೆಯರಿಗೆ ಇಲ್ಲ ಎನ್ನುವುದನ್ನು ಅಭ್ಯಾಸ ಮಾಡಿಸುತ್ತಾರೆ. ಈ ಪಾಠ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಂದಿಗೆ ಹೋಲಿಸಿದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಆತ್ಮಗೌರವ, ಕಷ್ಟ ನಿಭಾಯಿಸುವ ಶಕ್ತಿ, ಶಾಲೆಯಲ್ಲಿ, ಶಿಕ್ಷಕರೊಂದಿಗೆ ಹೊಂದಾಣಿಕೆ ಎಲ್ಲವೂ ಉತ್ತಮವಾಗಿದ್ದವು. ಆದರೆ ಮನೆಯಲ್ಲಿನ ಹೊಂದಾಣಿಕೆಯಲ್ಲಿ, ಓರಗೆಯವರೊಂದಿಗಿನ ಹೊಂದಾಣಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕುಡಿತವನ್ನು ನೇರವಾಗಿ ಅಳೆದ ಅಧ್ಯಯನವಲ್ಲ ಇದು. ಹಾಗಿದ್ದರೂ ಆ ಎರಡು ಖಾಲಿ ಜಾಗಗಳನ್ನು ಗಮನಿಸಬೇಕು. ಹದಿಹರೆಯದವರಿಗೆ ಮದ್ಯ ಎದುರಾಗುವುದು ಎಲ್ಲಿ? ಮನೆಯಲ್ಲಿ, ಇಲ್ಲವೇ ಗೆಳೆಯರ ಗುಂಪಿನಲ್ಲಿ. ತರಗತಿಯ ಪಾಠ ಎಷ್ಟೇ ಚೆನ್ನಾಗಿದ್ದರೂ ತರಗತಿಯ ಬಾಗಿಲಲ್ಲಿ ನಿಲ್ಲುತ್ತದೆ. ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ 2020ರಿಂದ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ಮಾದಕ ವಸ್ತುಗಳ ವಿಷಯವೂ ಸೇರಿ 11 ವಿಷಯಗಳನ್ನು ಹೊರಿಸಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಭೂತ ಬೆನ್ನಿಗಿರುವ ಶಿಕ್ಷಕರಿಂದ ಹನ್ನೊಂದನ್ನೂ ನಿರೀಕ್ಷಿಸುವುದು ಅನ್ಯಾಯ.

ಆದ್ದರಿಂದ ಮನೆಯ ಮಾತಿಗೆ ಬರಲೇಬೇಕು. ವೈಟ್‌ಫೀಲ್ಡಿನಂಥ ಕಡೆ ಒಂದು ಅಭಿಪ್ರಾಯ ಬೇರೂರುತ್ತಿದೆ: ಹೊರಗೆ ಕದ್ದು ಕುಡಿಯುವುದಕ್ಕಿಂತ ನಮ್ಮ ಕಣ್ಣೆದುರೇ ಒಂದು ಗುಟುಕು ಕುಡಿಯಲಿ, ಜವಾಬ್ದಾರಿ ಕಲಿಯುತ್ತಾರೆ. ಕೇಳಲು ವಿಚಾರವಂತರ ಮಾತಿನಂತಿದೆ. ಆಸ್ಟ್ರೇಲಿಯಾದಲ್ಲಿ ಸುಮಾರು 1,900 ಮಕ್ಕಳನ್ನು ಆರು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ತಂದೆತಾಯಿ ಕೊಟ್ಟ ಮದ್ಯ ಮಕ್ಕಳನ್ನು ಯಾವ ರೀತಿಯಲ್ಲೂ ಕಾಪಾಡಿದ ಕುರುಹು ಸಿಗಲಿಲ್ಲ. ಮನೆಯಲ್ಲಿ ಮದ್ಯ ಸಿಕ್ಕವರು ಮುಂದೆ ಹೊರಗಿನಿಂದಲೂ ಪಡೆಯುವ ಸಾಧ್ಯತೆಯೇ ಹೆಚ್ಚಿತ್ತು. ನಮ್ಮ ಕಾನೂನು ಇನ್ನೂ ಖಚಿತ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ ವೈದ್ಯರ ಸಲಹೆಯಿಲ್ಲದೆ ಮಕ್ಕಳಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಅಪ್ಪ ಅಮ್ಮನಿಗೆ ಅದರಲ್ಲಿ ವಿನಾಯಿತಿಯಿಲ್ಲ. ಪೀಣ್ಯದ ಮನೆಗಳ ಕಷ್ಟ ಬೇರೆ: ‘ಓಡಿಹೋಗಿ ಒಂದು 90 ತಗೊಂಡು ಬಾ’ ಎಂದು ಮಗನನ್ನೇ ಅಂಗಡಿಗೆ ಕಳಿಸುವುದು. ಅಂಗಡಿಯವನು ಕೊಟ್ಟರೆ ಅವನ ಸನ್ನದಿನ ಉಲ್ಲಂಘನೆ, ಆದರೆ ಕೇಳುವವರಾರು? ಪೋಷಕರ ಸಭೆಗಳಲ್ಲಿ ಅಂಕಪಟ್ಟಿಯ ಜೊತೆಗೆ ಈ ಎರಡು ಮಾತನ್ನು ಆಡಿದರೆ ಸಾಕು. ಕುಡಿಯುವ ಅಪ್ಪಂದಿರನ್ನು ಅವಮಾನಿಸುವುದರಿಂದ ಏನೂ ಆಗದು. ಮಗುವಿನ ಕೈಗೆ ಬಾಟಲಿ ಮುಟ್ಟಿಸಬೇಡಿ ಎಂಬ ಒಂದೇ ಕೋರಿಕೆಯನ್ನು ಕುಡಿಯುವ ಅಪ್ಪನೂ ಒಪ್ಪಿಯಾನು.

ಬೀದಿಯ ಪಾಲಿನ ಹೊಣೆ ಸರ್ಕಾರದ್ದು, ಅಲ್ಲಿ ಅದರ ಮುಖ ಎರಡು ಕಡೆಗಿದೆ. 2025-26ಕ್ಕೆ ರಾಜ್ಯ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಮದ್ಯದಿಂದ ಸಮಾಜಕ್ಕೆ ಬೀಳುವ ಹೊರೆ ಅಬಕಾರಿ ಆದಾಯವನ್ನೂ ಮೀರುತ್ತದೆಂದು ನಿಮ್ಹಾನ್ಸ್ ಸಂಶೋಧಕರು ಎರಡು ದಶಕಗಳ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದರು. ಮಕ್ಕಳ ನೋಟ್ ಪುಸ್ತಕ ಮಾರುವ ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್ ಮದ್ಯದ ಅಂಗಡಿಗಳನ್ನೂ ನಡೆಸುತ್ತದೆ. ದುಷ್ಪರಿಣಾಮಗಳ ಪ್ರಬಂಧ ಅದರದೇ ಪುಸ್ತಕದಲ್ಲಿ ಬರೆದದ್ದಾಗಿರಲೂಬಹುದು. ಹಾಗಾದರೆ ಪೂರ್ತಿ ನಿಷೇಧಿಸಿ, ಪಾಠದ ನೆಪವೇಕೆ ಎನ್ನುವವರಿದ್ದಾರೆ. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ 2007ರ ಜುಲೈಯಲ್ಲಿ ಸಾರಾಯಿ ನಿಷೇಧವಾಗಿ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಆನೇಕಲ್, ಹೊಸೂರು ಸುತ್ತಮುತ್ತ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅವುಗಳಲ್ಲಿ ಆನೇಕಲ್ ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ್ದೇ. ನಿಷೇಧ ಬಂದರೂ ಬರದಿದ್ದರೂ ಮಕ್ಕಳಿಗೆ ತಿಳಿವಳಿಕೆ ಬೇಕು, ಕಳ್ಳಬಟ್ಟಿಯಲ್ಲಿ ಜೀವ ತೆಗೆಯುವ ಮೆಥನಾಲ್ ಏನೆಂಬ ತಿಳಿವಳಿಕೆಯೂ ಸೇರಿ. ಇರುವ ನಿಯಮಗಳನ್ನು ಪಾಲಿಸಿದರೇ ಅರ್ಧ ಪಾಠವಾಗುತ್ತದೆ: ಶಾಲೆಯಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು, ಪಬ್ಬಿನಲ್ಲಿ ವಯಸ್ಸು ತುಂಬದವರಿಗೆ ಕೊಡಕೂಡದು. ಕಣ್ಣೆದುರೇ ಮುರಿದುಬಿದ್ದ ನಿಯಮವನ್ನು ದಿನಾ ದಾಟಿ ಶಾಲೆಗೆ ಬರುವ ಮಗುವಿಗೆ ಕಾನೂನಿನ ಪಾಠ ಮಾಡುವುದು ಹೇಗೆ?

ಐಸ್‌ಲ್ಯಾಂಡಿನಲ್ಲಿ 1998ರಲ್ಲಿ 15, 16 ವಯಸ್ಸಿನವರ ಪೈಕಿ ಶೇ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ರ ವೇಳೆಗೆ ಅದು ಶೇ 5ಕ್ಕೆ ಇಳಿಯಿತು. ಅಲ್ಲಿ ಭಾಷಣ ಹೆಚ್ಚಿಸಲಿಲ್ಲ. ಮಕ್ಕಳ ಸಂಜೆಗಳನ್ನು ಆಟ, ಸಂಗೀತ, ಕಲೆಗಳಿಂದ ತುಂಬಿದರು, ಅದಕ್ಕೆ ಊರಿನ ಆಡಳಿತದಿಂದ ಹಣ ಕೊಟ್ಟರು, ರಾತ್ರಿ ಮಕ್ಕಳು ಹೊರಗಿರದಂತೆ ನಿಯಮ ಮಾಡಿದರು, ತಂದೆತಾಯಿಗಳು ಪರಸ್ಪರ ಒಪ್ಪಂದ ಮಾಡಿಕೊಂಡರು. ಅದು ನಮ್ಮ ಒಂದು ತಾಲ್ಲೂಕಿನಷ್ಟು ಜನರಿರುವ ಶ್ರೀಮಂತ ದೇಶ, ಇಲ್ಲಿಗೆ ಹೊಂದದು ಎನ್ನಬಹುದು. ಇಡೀ ಕರ್ನಾಟಕಕ್ಕೆ ಹೊಂದಲಿಕ್ಕಿಲ್ಲ. ಆದರೆ ಎಲೆಕ್ಟ್ರಾನಿಕ್ ಸಿಟಿಗೆ ತನ್ನದೇ ತೆರಿಗೆ ಸಂಗ್ರಹಿಸುವ ಎಲ್ಸಿಟಾ ಎಂಬ ಟೌನ್‌ಶಿಪ್ ಪ್ರಾಧಿಕಾರವಿದೆ, ಪೀಣ್ಯದಲ್ಲಿ ಹಳೆಯ ಕೈಗಾರಿಕೆಗಳ ಸಂಘವಿದೆ, ವೈಟ್‌ಫೀಲ್ಡಿನ ಕಂಪನಿಗಳ ಬಳಿ 2013ರ ಕಂಪನಿ ಕಾಯ್ದೆಯ ಪ್ರಕಾರ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡುವ ಹೊಣೆಯಿದೆ. ಸಂಜೆ ನಾಲ್ಕರಿಂದ ರಾತ್ರಿ ಎಂಟರವರೆಗೆ, ಪಾಳಿಯ ನಡುವೆ ಮನೆ ಖಾಲಿಯಿರುವ ಆ ಹೊತ್ತಿನಲ್ಲಿ, ಶಾಲೆಯ ಮೈದಾನದ ಗೇಟು ತೆರೆದಿಟ್ಟು ಒಬ್ಬ ಕಬಡ್ಡಿ ತರಬೇತುದಾರನನ್ನೋ ತಬಲಾ ಮೇಷ್ಟ್ರನ್ನೋ ನೇಮಿಸಲು ಇವರಿಗೆ ಹಣದ ಕೊರತೆಯೇನಿಲ್ಲ. ಶಾಲೆಗಳಿಗೆ ಮತ್ತೊಂದು ಸೆಟ್ ಕಂಪ್ಯೂಟರ್ ದಾನ ಮಾಡುವುದಕ್ಕಿಂತ ಇದು ಅಗ್ಗ.

ಅಲ್ಲಿಯವರೆಗೆ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ ಒಂದು ಕೋರಿಕೆ. ಈ ವರ್ಷ ಪ್ರಬಂಧ ಸ್ಪರ್ಧೆಯನ್ನು ಬಿಡಿ. ಒಂಬತ್ತನೇ ತರಗತಿಗೆ ಒಂದು ಪೀರಿಯಡ್ಡು ಗ್ರಾಂ, ಗಂಟೆಗಳ ಲೆಕ್ಕ ಮಾಡಿಸಿ, ಇನ್ನೊಂದು ಪೀರಿಯಡ್ಡು ಪ್ರಶ್ನೆ ಕೇಳಲು ಬಿಡಿ. ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಹಾಕಲಿ. ನೋಟಿಸ್ ಬೋರ್ಡಿನಲ್ಲಿ ಎರಡು ಸಂಖ್ಯೆ ದೊಡ್ಡದಾಗಿ ಬರೆಸಿ: ಮಕ್ಕಳ ಸಹಾಯವಾಣಿ 1098, ಟೆಲಿ ಮಾನಸ್ 14416. ಎರಡೂ ಉಚಿತ, ಹಗಲು ರಾತ್ರಿ ಸಿಗುತ್ತವೆ, ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.